ಅಕ್ಕನ ಕಾಲು, ತಂಗಿಯ ಕೈ

ಸಿನಿಮಾಕ್ಕೆ ಬಾಯಿ ಬಂದ ವರ್ಷ ಮೊದಲು ಹೋದದ್ದು ಕಾಲು. ಅಲ್ಲಿಯತನಕ ನರ್ತಕಿಯರು ಹಲಗೆಯ ಮೇಲೆ ಎಷ್ಟು ಧಡಧಡ ಕುಣಿದರೂ ಕೇಳುವವರಿರಲಿಲ್ಲ. ಈಗ ಮೈಕು ಕೇಳತೊಡಗಿತು. ನಾಯಕಿ "ನೀನಿಲ್ಲದೆ ನಾನು ಬದುಕಲಾರೆ" ಎನ್ನುತ್ತ ಒಂದು ಸುತ್ತು ಸುತ್ತಿದ್ದೇ ತಡ, ಧ್ವನಿಯಂತ್ರದವನು ಕಿವಿಗೆ ಹಾಕಿದ್ದನ್ನು ಕಿತ್ತು ಎಸೆದ.

"ಪ್ರೀತಿ ಎಲ್ಲೂ ಕೇಳಿಸ್ತಿಲ್ಲ ಸಾರ್. ಬರೀ ಗೊರಸು!"

ಅವನನ್ನು ಎಲ್ಲರೂ ಕಿವಿರಾಯ ಎನ್ನುತ್ತಿದ್ದರು. ಕಿವಿರಾಯನ ಮಾತಿಗೆ ನೆಲಕ್ಕೆ ಕಂಬಳಿ ಹಾಸಿದರು, ನರ್ತಕಿಯರಿಗೆ ಉಣ್ಣೆಯ ಕಾಲುಚೀಲ ತೊಡಿಸಿದರು. ಸದ್ದು ಸತ್ತಿತು, ಜೊತೆಗೆ ಕುಣಿತವೂ ಸತ್ತು ದೆವ್ವವಾಯಿತು. ಕೊನೆಗೆ ನಾಯಕಿಯ ಸ್ವಂತ ತಂಗಿಯನ್ನು ಮರೆಯ ಹಿಂದೆ ಕೂರಿಸಿ, ಎದುರಿಗೊಂದು ಪುಟ್ಟ ಹಲಗೆ ಇಟ್ಟು, ಎರಡು ಕೈಗೂ ಬೂಟು ತೊಡಿಸಿದರು. ಸಂದಿಯಿಂದ ಅಕ್ಕನ ಪಾದ ನೋಡಿ ಹಲಗೆಯ ಮೇಲೆ ಹದವಾಗಿ ತಟ್ಟುವುದು ಅವಳ ಕೆಲಸ. ಮಾತು, ಸದ್ದು, ಚಿತ್ರ ಮೂರೂ ಒಟ್ಟಿಗೇ ಅಚ್ಚಾಗುತ್ತಿದ್ದವು. ಆಮೇಲೆ ತಿದ್ದುವ ಮಾತೇ ಇಲ್ಲ.

"ಇಷ್ಟು ದಿನ ಅಕ್ಕನ ಕೈಕೆಳಗಿದ್ದೆ, ಈಗ ಕಾಲಕೆಳಗೆ ಬಂದೆ," ಎಂದಳು ತಂಗಿ.

ಪಾತ್ರದ ವಯಸ್ಸು ಹದಿನೆಂಟು. ಅಕ್ಕನದು ಅದರ ಎರಡರಷ್ಟು, ಚಿಲ್ಲರೆ ಬೇರೆ. ಬೆಳಗ್ಗೆಯಿಂದ ಎರಡು ಸಲ ಹೆಜ್ಜೆ ತಪ್ಪಿದ್ದಳು. ನಿರ್ಮಾಪಕ ಎಲ್ಲರೆದುರೇ ಹೇಳಿದ್ದ: "ಇನ್ನೊಂದು ಸಲ ತಪ್ಪಿದ್ರೆ ತಂಗೀನ ನಿಲ್ಸಿ. ಮುಖಾನೂ ಅದೇ, ರವಿಕೆ ಅಳತೇನೂ ಅದೇ." ತಂಗಿಗೆ ನಾಯಕಿಯ ಮಾತುಗಳೆಲ್ಲ ಬಾಯಿಪಾಠವಾಗಿದ್ದವು. ಯಾರೂ ಕಲಿಸಿರಲಿಲ್ಲ.

ಬೀಳ್ಕೊಡುಗೆಯ ದೃಶ್ಯ. ಪ್ರಿಯಕರ ಬೇರೊಬ್ಬಳ ಕೈ ಹಿಡಿಯಲು ಹೊರಟಿದ್ದಾನೆ. ಇವಳು ಕುಣಿದೇ ಅವನನ್ನು ಕಳಿಸಬೇಕು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆದರೆ ಅಂದು ನೆಲ ನಿಜವಾಗಿಯೂ ಡೊಂಕಾಯಿತು. ಸುತ್ತಿನ ನಡುವೆ ಕಂಬಳಿ ಮಡಚಿಕೊಂಡು ಅಕ್ಕನ ಬಲಗಾಲನ್ನು ಹಿಡಿಯಿತು.

ತಂಗಿಯ ಕೈ ಗಾಳಿಯಲ್ಲಿತ್ತು. ತಾಳಕ್ಕೆ ಸರಿಯಾಗಿ ತಟ್ಟಿದರೆ ಸದ್ದು ಒಂದು ಕಡೆ, ಪಾದ ಒಂದು ಕಡೆ. ಅಕ್ಕ ಪಾತ್ರದಿಂದ ಹೊರಗೆ, ತಾನು ಒಳಗೆ. ಯಾರೂ ದೂರುವಂತಿಲ್ಲ. ತನ್ನ ಕೆಲಸ ತಾನು ಮಾಡಿದಂತೆ, ಅಷ್ಟೇ.

ಅವಳು ಕೈ ತಡೆದಳು. ಅಕ್ಕನ ಪಾದ ತಡವಾಗಿ ಇಳಿದಾಗ ತಾನೂ ಇಳಿಸಿದಳು. ಅಕ್ಕ ಸಾವರಿಸಿಕೊಂಡ ಎರಡು ಪುಟ್ಟ ಹೆಜ್ಜೆಗೆ ಎರಡು ಸಲ ಮೆಲ್ಲಗೆ ತಟ್ಟಿದಳು.

"ಆಹಾ!" ದೃಶ್ಯ ಮುಗಿದದ್ದೇ ನಿರ್ದೇಶಕ ಎದ್ದು ನಿಂತ. "ಆ ತಡೆ ನೋಡಿದ್ರಾ? ಎದೆ ಒಡೆದೋಳ ಕಾಲು ನಿಲ್ಲೋದೇ ಹಾಗೆ!"

ನಿರ್ಮಾಪಕನಿಗೆ ಏನೂ ಅರ್ಥವಾಗಲಿಲ್ಲ, ಆದ್ದರಿಂದ ಕಣ್ಣೊರೆಸಿಕೊಂಡ. "ಈಯಮ್ಮನೇ ಇರ್ಲಿ ಬಿಡಿ," ಎಂದ.

ಅಕ್ಕ ಮಾತ್ರ ಉರಿಯುತ್ತ ಮರೆಯ ಹಿಂದೆ ಬಂದಳು.

"ಏನೇ ಅದು, ನಡುವೆ ಕೈ ತಡವರಿಸ್ತಲ್ಲ? ನನ್ನ ಹೊಟ್ಟೆ ಮೇಲೆ ಹೊಡೀಬೇಕು ಅಂತಿದ್ಯಾ?"

"ನಿನ್ನ ಕಾಲು..."

"ನನ್ನ ಕಾಲಿಗೇನು ಬಂದಿತ್ತು ಧಾಡಿ? ಕಾಲೆಳೆಯೋದು ಬಿಟ್ಟು ನಿನ್ನ ಕೈ ನೀನು ನೋಡ್ಕೋ."

"ಹೂಂ ಕಣೇ, ಕೈ ತಪ್ತು," ಎಂದಳು ತಂಗಿ.

ಅಷ್ಟರಲ್ಲಿ ನಿರ್ದೇಶಕ ಕೂಗಿದ: "ಇನ್ನೊಂದು ಸಲ ಬೇಕು, ಹತ್ತಿರದಿಂದ! ಆ ತಡೆ ಹಾಗೇ ಬರ್ಬೇಕಮ್ಮ, ಕೂದಲಷ್ಟೂ ಆಚೀಚೆ ಆಗ್ಬಾರ್ದು!"

ಅಕ್ಕ ನಗುತ್ತ ತಲೆಯಾಡಿಸಿದಳು. ಆಮೇಲೆ ತಂಗಿಯ ಕಡೆ ಬಾಗಿ ಪಿಸುಗುಟ್ಟಿದಳು.

"ಯಾವ ತಡೆನೇ?"

ತಂಗಿ ಬೂಟುಗಳನ್ನು ಮತ್ತೆ ಕೈಗೆ ಏರಿಸಿಕೊಂಡಳು.

"ನೀನು ಕುಣೀತಾ ಇರು. ನಾನು ನಿಲ್ಸಿದಾಗ ನಿಲ್ಲು."