ನಿಲ್ಕುಂದಕ್ಕೆ ಹೋದ ಓಟಿಪಿ

ನೇತ್ರಾಳ ಮದುವೆ ರವಿಕೆಯ ಎರಡೂ ತೋಳಿನ ಕಸೂತಿ ಮುಗಿದಿತ್ತು. ಬೆನ್ನಿಗೆ ಪಲ್ಲಕ್ಕಿ, ಅದರ ಕೆಳಗೆ ಮದುಮಕ್ಕಳ ಹೆಸರು ಬರಬೇಕಿತ್ತು. ಅಷ್ಟರಲ್ಲಿ ಮಮತಾಳ ಲ್ಯಾಪ್‌ಟಾಪ್ ಸತ್ತಿತು.

ಮಮತಾಳದು ಶಿರಸಿಯಲ್ಲಿ ಕಂಪ್ಯೂಟರ್ ಕಸೂತಿಯ ಅಂಗಡಿ. ಲ್ಯಾಪ್‌ಟಾಪಿನಲ್ಲಿ ಚಿತ್ರ ಬರೆದು ಪೆನ್‌ಡ್ರೈವಿಗೆ ಹಾಕಿ ಮಷಿನ್ನಿಗೆ ಕೊಟ್ಟರೆ, ಅದು ತಾನೇ ಹೊಲಿಯುತ್ತದೆ. ಮಷಿನ್ನು, ಲ್ಯಾಪ್‌ಟಾಪ್, ಅದರೊಳಗಿನ ಸಾಫ್ಟ್‌ವೇರ್ ಎಲ್ಲವನ್ನೂ ಹೋದ ವರ್ಷ ಯಲ್ಲಾಪುರದ ಶಿವರಂಜನಿಯಿಂದ ಒಟ್ಟಿಗೇ ಕೊಂಡಿದ್ದಳು. ಶಿವರಂಜನಿ ಕಣ್ಣಿನ ತೊಂದರೆಯಿಂದ ಆ ಕೆಲಸವನ್ನೇ ಬಿಟ್ಟಿದ್ದಳು.

ರಿಪೇರಿಯ ಸೋಮ ಲ್ಯಾಪ್‌ಟಾಪ್ ಬಿಚ್ಚಿ ನೋಡಿ, "ಬೋರ್ಡೇ ಸುಟ್ಟೋಗದೆ. ಇನ್ನು ಇದರಲ್ಲಿ ಜೀವ ಇಲ್ಲ" ಎಂದ. ಮಮತಾ ಅಳಲಿಲ್ಲ. ಪಲ್ಲಕ್ಕಿಯ ಚಿತ್ರ ಪೆನ್‌ಡ್ರೈವಿನಲ್ಲಿ ಭದ್ರವಾಗಿತ್ತು; ಅದನ್ನು ಮಷಿನ್ನು ಹೊಲಿಯುವ ರೂಪಕ್ಕೆ ತರಲು ಮಾತ್ರ ಸಾಫ್ಟ್‌ವೇರ್ ಬೇಕಿತ್ತು. ಮೈದುನ ಪ್ರಮೋದ ತನ್ನ ಲ್ಯಾಪ್‌ಟಾಪ್ ಕೊಟ್ಟ. ಸಾಫ್ಟ್‌ವೇರ್ ಹಾಕಿದ್ದೂ ಆಯಿತು. ಆದರೆ ಅದು ತೆರೆಯಲಿಲ್ಲ, ಲೈಸೆನ್ಸ್ ಕೇಳಿತು. ಸಾಫ್ಟ್‌ವೇರ್ ಕಂಪನಿಗೆ ಫೋನು ಮಾಡಿದಳು.

"ಲೈಸೆನ್ಸ್ ಹಳೇ ಲ್ಯಾಪ್‌ಟಾಪಿಗೆ ಅಂಟಿಕೊಂಡಿದೆ ಮೇಡಂ. ಅದರ ಸೀರಿಯಲ್ ನಂಬರ್ ಹೇಳಿ, ಅಲ್ಲಿಂದ ತೆಗೆದು ಹೊಸದಕ್ಕೆ ಕೊಡ್ತೀವಿ. ಲ್ಯಾಪ್‌ಟಾಪ್ ಮಗುಚಿ ನೋಡಿ, ಕೆಳಗೇ ಇರುತ್ತೆ."

ಮಮತಾ ಮಗುಚಿದಳು. ಸ್ಟಿಕ್ಕರು ಇತ್ತು, ಅಕ್ಷರ ಇರಲಿಲ್ಲ. ಎಡತುದಿಯಲ್ಲಿ 'ಎಸ್' ಎಂಬ ಒಂದು ಅಕ್ಷರ ಬಿಟ್ಟರೆ ಮುಂದೆಲ್ಲ ಬಿಳುಪು. ಕಿಟಕಿಯ ಬೆಳಕಿಗೆ ಹಿಡಿದಳು, ಮೊಬೈಲಿನಲ್ಲಿ ಫೋಟೋ ತೆಗೆದು ಹಿಗ್ಗಿಸಿದಳು, ಪೆನ್ಸಿಲ್ ಪುಡಿ ಉಜ್ಜಿದಳು. ಸೋಮ ಒಳಗಿನ ಬೋರ್ಡಿನ ಮೇಲಿದ್ದ ಯಾವುದೋ ಸಂಖ್ಯೆ ಓದಿಕೊಟ್ಟ. ಕಂಪನಿಯವರು ಅದನ್ನು ಒಪ್ಪಲಿಲ್ಲ.

"ಅದು ಬೋರ್ಡಿನ ನಂಬರ್ ಮೇಡಂ. ಲ್ಯಾಪ್‌ಟಾಪಿನದು ಬೇಕು."

"ಲ್ಯಾಪ್‌ಟಾಪ್ ಸತ್ತೋಗದೆ ಅಂತ ಆಗಿಂದ ಹೇಳ್ತಾ ಇದ್ದೆ. ಸತ್ತಿದ್ದು ಬಾಯಿಬಿಟ್ಟು ನಂಬರ್ ಹೇಳ್ತದ?"

"ಕೆಳಗೇ ಇರುತ್ತೆ ಮೇಡಂ" ಎಂದಿತು ಆ ಕಡೆಯ ದನಿ.

ಶಿವರಂಜನಿ ಫೋನೆತ್ತಲಿಲ್ಲ. ಮರುದಿನ ಬೆಳಿಗ್ಗೆ ಮಮತಾ ಯಲ್ಲಾಪುರದ ಬಸ್ ಹತ್ತಿದಳು. ಬಸ್ಸಿನಲ್ಲಿರುವಾಗಲೇ ನೇತ್ರಾಳ ತಾಯಿ ದುರ್ಗಮ್ಮನ ಫೋನು ಬಂತು.

"ಎಲ್ಲಿಗೆ ಬಂತೇ ಮಮತಾ ರವಿಕೆ?"

"ಬೆನ್ನೊಂದು ಬಾಕಿ ಅಕ್ಕಾ."

"ಮೊನ್ನೇನೂ ಬೆನ್ನೇ ಬಾಕಿ ಇತ್ತು. ಬುಧವಾರ ಮದುವೆ, ನೆನಪದೆ ಅಲ್ಲ?"

ಶಿವರಂಜನಿ ಬಾಗಿಲಲ್ಲೇ ಸಿಕ್ಕಳು. "ಬರ್ರಿ, ಒಳಗ ಬರ್ರಿ. ಫೋನ್ ಚಾರ್ಜಿಗೆ ಇಟ್ಟು ಮರ್ತೇ ಬಿಟ್ಟಿದ್ದೆ" ಎಂದು ಕೂರಿಸಿದಳು. ವಿಷಯ ಕೇಳಿ ಹಣೆ ಬಡಿದುಕೊಂಡಳು. "ಪ್ರತಿ ಆಯುಧಪೂಜೆಗೂ ಅದಕ್ಕ ಕುಂಕುಮ, ಗಂಧ ಹಚ್ಚಿ, ಮರುದಿನ ಒದ್ದಿ ಅರಿವಿಲೆ ಒರಸ್ತಿದ್ದೆ ನೋಡ್ರಿ. ಮ್ಯಾಲೂ ಕೆಳಗೂ."

ಬಿಲ್ಲು, ಪೆಟ್ಟಿಗೆ ಎರಡೂ ಮನೆ ಬದಲಿಸುವಾಗ ಹೋಗಿದ್ದವು. ಆದರೆ ವಾರಂಟಿಗಾಗಿ ಲ್ಯಾಪ್‌ಟಾಪ್ ಕಂಪನಿಯ ವೆಬ್‌ಸೈಟಿನಲ್ಲಿ ಅದನ್ನು ನೋಂದಾಯಿಸಿದ್ದು ಅವಳಿಗೆ ನೆನಪಿತ್ತು. ಅಲ್ಲಿ ಒಳಹೊಕ್ಕರೆ ನಂಬರ್ ಕಾಣುತ್ತದೆ. ಇಬ್ಬರೂ ಮಮತಾಳ ಮೊಬೈಲಿನಲ್ಲಿ ಪುಟ ತೆರೆದು, ನೋಂದಾಯಿಸುವಾಗ ಕೊಟ್ಟಿದ್ದ ಶಿವರಂಜನಿಯ ನಂಬರ್ ಹಾಕಿದರು. 'ಈ ಸಂಖ್ಯೆಗೆ ಓಟಿಪಿ ಕಳಿಸಲಾಗಿದೆ' ಎಂದು ಬಂತು. ಮಮತಾಳಿಗೆ ಮೊದಲ ಸಲ ಉಸಿರು ಹಗುರಾಯಿತು. ಕಾದರು. ಶಿವರಂಜನಿಯ ಫೋನು ಸುಮ್ಮನಿತ್ತು.

"ಅಯ್ಯೋ ಶಿವನೇ, ಇದು ನನ್ನ ಹಳೇ ನಂಬರ್ರೀ! ಆ ಸಿಮ್ಮು ಬಂದಾಗಿ ಯಾವ ಕಾಲ ಆತು."

ಬಂದಾದ ನಂಬರಿಗೆ ಮಮತಾ ಕರೆ ಮಾಡಿದಳು. ರಿಂಗಾಯಿತು! ಆ ನಂಬರು ಈಗ ಬೇರೆ ಯಾರಿಗೋ ಹೋಗಿತ್ತು; ವಯಸ್ಸಾದ ಗಂಡಸಿನ ದನಿ ಕೇಳಿತು. ಮಮತಾ ಎಲ್ಲವನ್ನೂ ವಿವರಿಸಿ, "ನಿಮ್ಮ ಫೋನಿಗೆ ಈಗೊಂದು ಓಟಿಪಿ ಬಂದಿರ್ತದೆ, ಸ್ವಲ್ಪ ಹೇಳ್ತೀರಾ?" ಎಂದಳು.

ಆ ಕಡೆ ಒಂದು ನಗೆ ಕೇಳಿತು. "ತಂಗಿ, ನಾನು ನಿಲ್ಕುಂದದ ವಿಘ್ನೇಶ್ವರ ಹೆಗಡೆ. ಈ ಫೋನು ದಿನಾ ಬೆಳಗಾದ್ರೆ 'ಓಟಿಪಿ ಹೇಳಬೇಡಿ' ಹೇಳ್ತದೆ. ನೀನು 'ಹೇಳಿ' ಹೇಳ್ತೆ. ಯಾರ ಮಾತು ಕೇಳೂದು ನಾನು?"

"ಇದು ಬ್ಯಾಂಕಿಂದಲ್ಲ, ಲ್ಯಾಪ್‌ಟಾಪಿಂದು—"

"ಎಲ್ಲರೂ ಬ್ಯಾಂಕಿಂದಲ್ಲ ಅಂತಲೇ ಹೇಳೂದು. ಸತ್ಯ ಆದ್ರೆ ಮನೆಗೇ ಬಾ." ಫೋನಿಟ್ಟುಬಿಟ್ಟರು. ಮತ್ತೆ ಮಾಡಿದರೆ ಹೋಗಲಿಲ್ಲ, ಬ್ಲಾಕ್ ಮಾಡಿದ್ದರು.

ಮಮತಾಳಿಗೆ ಯಾರ ಮೇಲೆ ಸಿಟ್ಟು ಮಾಡಬೇಕೆಂದೇ ತಿಳಿಯಲಿಲ್ಲ. ಹೆಗಡೆಯವರು ಮಾಡಿದ್ದು ಸರಿಯೇ ಇತ್ತು. ಅದೇ ಅವಳನ್ನು ಹೆಚ್ಚು ಸಿಟ್ಟಿಗೆಬ್ಬಿಸಿತು.

"ನಂಬರ್ ನಂದಿತ್ತು, ನಾನೂ ಬರ್ತೀನಿ ತಡೀರಿ" ಎಂದು ಶಿವರಂಜನಿ ಚಪ್ಪಲಿ ಮೆಟ್ಟಿದಳು.

ಶಿರಸಿಗೆ ಮರಳಿ, ಅಲ್ಲಿಂದ ಪ್ರಮೋದನ ಓಮ್ನಿಯಲ್ಲಿ ಮೂವರೂ ನಿಲ್ಕುಂದದ ದಾರಿ ಹಿಡಿದರು. ಮನೆ ಹುಡುಕುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಹೆಗಡೆಯವರು ಅಂಗಳದಲ್ಲಿ ನಿಂತು, ಸತ್ತ ಲ್ಯಾಪ್‌ಟಾಪನ್ನೂ, ಶಿವರಂಜನಿಯ ಆಧಾರ್ ಕಾರ್ಡನ್ನೂ, ಕೊನೆಗೆ ಓಮ್ನಿಯ ನಂಬರ್ ಪ್ಲೇಟನ್ನೂ ನೋಡಿದರು. ಆಮೇಲೂ ತಲೆ ಅಲ್ಲಾಡಿಸಿದರು.

"ನೀವು ಒಳ್ಳೆಯವರೇ ಇರಬಹುದು. ಆದ್ರೆ ಓಟಿಪಿ ಮಾತ್ರ ನಾನು ಹೇಳೂದಿಲ್ಲ."

"ನಾಳೆ ಶನಿವಾರ. ಭಾನುವಾರ ಬಟ್ಟೆ ಟೈಲರಿಗೆ ಹೋಗ್ಬೇಕು. ಇವತ್ತು ಆಗದಿದ್ರೆ ನನ್ನ ಕೆಲಸ ಹೋಯ್ತು" ಎನ್ನುವಾಗ ಮಮತಾಳ ದನಿ ಒಡೆಯಿತು. ಅದಕ್ಕೆ ಅವಳಿಗೇ ನಾಚಿಕೆಯಾಯಿತು. ಲ್ಯಾಪ್‌ಟಾಪನ್ನು ಜಗುಲಿಯ ಮೇಲೆ ಧೊಪ್ಪೆಂದು ಇಟ್ಟಳು.

ಒಳಗಿಂದ ಮಜ್ಜಿಗೆ ತಂದ ಹೆಗಡೆಯವರ ಹೆಂಡತಿ ಲಕ್ಷ್ಮೀ ಗಂಡನನ್ನು ನೋಡಿದರು. "ಅವಕ್ಕೆ ಬೇಕಾದ್ದು ದುಡ್ಡಲ್ದಡ. ನಿಂಗ ಹೇಳದು ಬ್ಯಾಡ. ಅವ್ರ ಫೋನು ತಗಂಡು ನಿಂಗನೇ ಒತ್ತಿ."

ಹೆಗಡೆಯವರು ಯೋಚಿಸಿದರು. "ಅದು ಅಡ್ಡಿಲ್ಲೆ" ಎಂದರು.

ಮನೆಯಲ್ಲಿ ಸಿಗ್ನಲ್ ಇರಲಿಲ್ಲ; ಮಮತಾ ಕರೆ ಮಾಡಿದಾಗ ಹೆಗಡೆಯವರು ಗುಡ್ಡದ ಮೇಲಿದ್ದರಂತೆ. ಎಲ್ಲರೂ ಗುಡ್ಡದ ತಿರುವಿನವರೆಗೆ ನಡೆದರು. ಮೊದಲ ಓಟಿಪಿ ಬರುವಷ್ಟರಲ್ಲಿ ಅದರ ಅವಧಿ ಮುಗಿದಿತ್ತು. ಎರಡನೆಯದರಲ್ಲಿ ಹೆಗಡೆಯವರ ಬೆರಳು ಒಂದರ ಬದಲು ಇನ್ನೊಂದು ಅಂಕಿ ಒತ್ತಿತು. ಮಮತಾ ಸೆರಗಿನ ತುದಿ ಹಿಂಡುತ್ತ ನಿಂತಳು. ಮೂರನೆಯ ಸಲ ಅವರು ಇವರಿಗೆಲ್ಲ ಬೆನ್ನು ಹಾಕಿ, ಒಂದೊಂದೇ ಅಂಕಿಯನ್ನು ತುಟಿಯಲ್ಲೇ ಓದಿಕೊಳ್ಳುತ್ತ ಒತ್ತಿ, ಫೋನು ಹಿಂದಕ್ಕೆ ಕೊಟ್ಟರು.

ಪುಟ ತೆರೆಯಿತು. ಲ್ಯಾಪ್‌ಟಾಪಿನ ಹೆಸರು, ಅದರ ಕೆಳಗೆ ಸೀರಿಯಲ್ ನಂಬರು. ಶಿವರಂಜನಿ ಮಮತಾಳನ್ನು ಅಪ್ಪಿಕೊಂಡಳು. ಪ್ರಮೋದ ಅಲ್ಲೇ ನಿಂತು ಸಾಫ್ಟ್‌ವೇರ್ ಕಂಪನಿಗೆ ಮೇಲ್ ಹಾಕಿದ. ಉತ್ತರವೂ ಕೂಡಲೇ ಬಂತು: 'ನಿಮ್ಮ ಮನವಿ ಸ್ವೀಕರಿಸಿದ್ದೇವೆ. ಶನಿವಾರ, ಭಾನುವಾರ ರಜೆ. ಸೋಮವಾರ ಪರಿಶೀಲಿಸುತ್ತೇವೆ.'

ಮಮತಾ ಆ ಸಾಲನ್ನು ಎರಡು ಸಲ ಓದಿದಳು.

ಭಾನುವಾರ ದುರ್ಗಮ್ಮ ಅಂಗಡಿಗೇ ಬಂದು ರವಿಕೆಯ ಬಟ್ಟೆ ಎತ್ತಿಕೊಂಡರು. ಟೈಲರ್ ಹೊಲಿಯಲು ಕಾಯುತ್ತಿದ್ದ. ಮಮತಾ ಯಲ್ಲಾಪುರ, ನಿಲ್ಕುಂದ ಎಲ್ಲವನ್ನೂ ಹೇಳಿದಳು. ದುರ್ಗಮ್ಮ ಕೇಳಿದರು, ಬಯ್ಯಲಿಲ್ಲ.

"ಹೋಗ್ಲಿ ಬಿಡೇ. ಹೆಂಗೂ ಮೊಗ್ಗಿನ ಜಡೆ ಹಾಕ್ತ್ರು. ಬೆನ್ನು ಪೂರಾ ಮುಚ್ಚೋಗ್ತದೆ, ಪಲ್ಲಕ್ಕಿ ಯಾರು ಕಾಣ್ತ್ರು?"

ಸಮಾಧಾನಕ್ಕೆಂದೇ ಅವರು ಹೇಳಿದ ಮಾತು ಅದು. ಮಮತಾಳಿಗೆ ಮಾತ್ರ ಬೈಗುಳ ತಿಂದಿದ್ದರೇ ವಾಸಿಯಿತ್ತು ಅನ್ನಿಸಿತು. ಜಡೆಯ ವಿಷಯ ಮೊದಲೇ ಹೇಳಿದ್ದರೆ ತೋಳು ಮುಗಿಸಿ ಕೈಮುಗಿಯುತ್ತಿದ್ದಳು.

ಸೋಮವಾರ ಸಂಜೆ ಲೈಸೆನ್ಸ್ ಬಂತು. ಸಾಫ್ಟ್‌ವೇರ್ ತಕರಾರಿಲ್ಲದೆ ತೆರೆಯಿತು, ಪಲ್ಲಕ್ಕಿಯೂ ತೆರೆಯಿತು. ಮಮತಾ ಉಳಿಕೆ ಬಟ್ಟೆಯ ತುಂಡೊಂದನ್ನು ಚೌಕಟ್ಟಿಗೆ ಬಿಗಿದು ಮಷಿನ್ ಚಾಲೂ ಮಾಡಿದಳು. ಸೂಜಿ ಜರಿದಾರದಲ್ಲಿ ಪಲ್ಲಕ್ಕಿ ಹೊಲಿದು, ಕೆಳಗೆ 'ನೇತ್ರಾ' ಎಂದು ಶುರುಮಾಡಿತು.

"ಇದನ್ನ ಎಂತ ಮಾಡ್ತ್ರಿ ಅತ್ತಿಗೆ?" ಎಂದ ಪ್ರಮೋದ.

"ಎಂತದೂ ಇಲ್ಲ" ಎಂದಳು ಮಮತಾ. "ಸುಮ್ನೆ ಇರು, ಇದು ಪೂರಾ ಆಗಿದ್ದನ್ನ ನಾನೊಂದ್ಸಲ ಕಾಣ್ಬೇಕು."