ನಾಲ್ಕನೇ ತಾಕಿನ ಔಷಧಿ

ಪ್ರಯೋಗದ ಹೊಲದಲ್ಲಿ ಮೆಕ್ಕೆಜೋಳ ಆಳೆತ್ತರ ಬೆಳೆದಿತ್ತು. ದಂಟು ಸೀಳಿ ಕಾಂಡಕೊರಕ ಹುಳು ಎಷ್ಟು ಸತ್ತವು, ಎಷ್ಟು ಉಳಿದವು ಎಂದು ಬರೆಯುವ ಕೆಲಸ ಅವಳದು. ಬೆನ್ನಿಗೆ ಪಂಪು ಕಟ್ಟಿಕೊಂಡು ಔಷಧಿ ಹೊಡೆಯುವ ಕೆಲಸ ಅವಳ ಸೋದರಮಾವನದು. ಆ ಕೆಲಸ ಕೊಡಿಸಿದವಳೂ ಅವಳೇ.

ಹೊಲದ ನಾಲ್ಕು ತಾಕಿಗೆ ನಾಲ್ಕು ಔಷಧಿ. ಮೂರಕ್ಕೆ ಹೆಸರಿತ್ತು. ನಾಲ್ಕನೆಯದು ಇನ್ನೂ ಅಂಗಡಿಗೆ ಬಂದಿರಲಿಲ್ಲ. ಕ್ಯಾನಿನ ಮೇಲೆ ಬರೀ ನಂಬರು. ಹೊಡೆದ ಐದನೇ ದಿನ ನೋಡಿದರೆ ಮೊದಲ ಮೂರು ತಾಕುಗಳ ಹುಳುಗಳು ಕಪ್ಪಾಗಿ ಮುದುಡಿದ್ದವು. ನಾಲ್ಕರಲ್ಲಿ ಮಾತ್ರ ದಂಟಿನ ತಿರುಳು ತಿಂದು ದುಂಡುದುಂಡಗೆ ಹೊರಳಾಡುತ್ತಿದ್ದವು.

“ಪ್ರಮಾಣ ಎರಡರಷ್ಟು ಮಾಡಿ ಹೊಡಿಸಮ್ಮಾ,” ಎಂದರು ಮೇಲಧಿಕಾರಿ ಫೋನಿನಲ್ಲಿ, ಬೇರೇನೋ ಓದುತ್ತಿರುವವರ ದನಿಯಲ್ಲಿ.

“ಮಾವ, ಮಾಸ್ಕ್ ಹಾಕ್ಕೋ. ಗಾಳಿ ತಿರುಗ್ತಿದೆ.”

“ಉಸಿರು ಕಟ್ಟುತ್ತೆ ಕಣೇ. ಹುಳಾನೇ ಸಾಯದ ಔಷಧಿಗೆ ನಾನು ಸಾಯ್ತೀನಾ?”

ಅವನು ನಕ್ಕ. ಅವಳೂ ನಕ್ಕಳು. ಮಾವ ಸಾಲಿನೊಳಗೆ ಮರೆಯಾದ. ಪಂಪಿನ ಸದ್ದು ಮಾತ್ರ ಆಚೆ ಈಚೆ ಓಡಾಡುತ್ತಿತ್ತು. ಸ್ವಲ್ಪ ಹೊತ್ತಿಗೆ ಅದೂ ನಿಂತಿತು. ಟ್ಯಾಂಕು ಖಾಲಿಯಾಗಿರಬೇಕೆಂದು ಕಾದಳು. “ಮಾವಾ?” ಎಂದು ಕೂಗಿದಳು. ಎಲೆಗಳು ಸರಸರ ಎಂದವು, ಅಷ್ಟೇ. ಜೋಳದೊಳಗೆ ನುಗ್ಗಿದಳು.

ಸಾಲಿನ ನಡುವೆ ಅವನು ಕುಕ್ಕರುಗಾಲಲ್ಲಿ ಕೂತಿದ್ದ. ಮೈಯೆಲ್ಲ ಬೆವರು, ಬಾಯಲ್ಲಿ ಜೊಲ್ಲು. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು. “ಯಾಕೋ ಕತ್ತಲೆ ಕತ್ತಲೆ ಕಣೇ,” ಎಂದ. ಮಟಮಟ ಮಧ್ಯಾಹ್ನ.

ಆಸ್ಪತ್ರೆಯಲ್ಲಿ ಡಾಕ್ಟರು ಔಷಧಿಯ ಹೆಸರು ಕೇಳಿದರು. ಅವಳು ನಂಬರು ಹೇಳಿದಳು.

“ನಂಬರು ಇಟ್ಕೊಂಡು ನಾನೇನಮ್ಮ ಮಾಡ್ಲಿ? ಒಳಗೇನಿದೆ ಹೇಳಿ.”

ಮೇಲಧಿಕಾರಿಗೆ ಫೋನು ಮಾಡಿದಳು. “ಅದು ಕಂಪನಿಯವರ ಗುಟ್ಟು. ನಂಗೂ ಗೊತ್ತಿಲ್ಲ,” ಎಂದರು. ಡಾಕ್ಟರು ಲಕ್ಷಣ ನೋಡಿ ಅಂದಾಜಿನ ಮೇಲೆಯೇ ಇಂಜೆಕ್ಷನ್ ಕೊಟ್ಟರು.

ಮಾವ ಬದುಕಿದ. ಆದರೆ ಹನ್ನೊಂದು ದಿನದ ಮೇಲೆ ಮನೆಗೆ ಬಂದವನಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಬೆರಳು ನಿಲ್ಲುತ್ತಿರಲಿಲ್ಲ. ಅತ್ತೆ ಗುಂಡಿ ಹಾಕಿದಳು. ಇವಳ ಕಡೆ ತಿರುಗಿಯೂ ನೋಡಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ನಾಲ್ಕನೇ ತಾಕಿನ ದಂಟು ಮತ್ತೆ ಸೀಳಿ ನೋಡಿ ಅವಳು ವರದಿ ಬರೆದಳು: ಎರಡರಷ್ಟು ಪ್ರಮಾಣಕ್ಕೂ ಹುಳು ಸಾಯಲಿಲ್ಲ. ಹೊಡೆದ ಮನುಷ್ಯ ಬಿದ್ದ. ಹೊಡೆಸಿದವಳು ನಾನು.

“ಕೊನೇದೆಲ್ಲಾ ತೆಗಿಯಮ್ಮಾ,” ಎಂದರು ಮೇಲಧಿಕಾರಿ. “ಕಂಪನಿಯವರು ಕೇಳಿರೋದು ಹುಳದ ಬಗ್ಗೆ.”

ತೆಗೆಯಲಿಲ್ಲ. ರುಜು ಹಾಕಿ ಕೊಟ್ಟು, ಮಿಕ್ಕ ಪಂಪಿನವರು ಕೂತಿದ್ದ ಷೆಡ್ಡಿಗೆ ನೇರ ಹೋಗಿ ನಡೆದದ್ದನ್ನೆಲ್ಲ ಹೇಳಿದಳು. ಮೂಲೆಯಲ್ಲಿದ್ದವನು ಮೆಲ್ಲಗೆ ಬಾಯಿ ತೆರೆದ.

“ಹೋದ ತಿಂಗಳು ಆಚೆ ಹೊಲಕ್ಕೆ ಅದನ್ನೇ ಹೊಡೆದೆ ಅಕ್ಕ. ಆವತ್ತಿಂದ ನಂಗೂ ಕಣ್ಣು ಮಂಜು. ವಯಸ್ಸಾಯ್ತು ಅಂದ್ಕೊಂಡಿದ್ದೆ.”