ತೊಳೆಯದ ಸಿಗಡಿ

ತಮಿಳುನಾಡಿನ ಕಡಲ ದಂಡೆಯ ತಿರುವೊಟ್ಟಿಯೂರಿನ ಆ ಬೀದಿಯಲ್ಲಿ ಭಾನುವಾರ ಕೌಸಲ್ಯಾಳ ಕೂಗು ಕೇಳಿದರೆ ಸಾಕು, ನಾಗಮಣಿ ಪಾತ್ರೆ ಹಿಡಿದು ಬಾಗಿಲಿಗೆ ಬರುತ್ತಾಳೆ. ಬ್ಯಾಂಕಿನ ಕೆಲಸಕ್ಕೆ ಮಂಡ್ಯದಿಂದ ಬಂದ ಅವಳಿಗೆ ಸಿಗಡಿ ಸಾರು ಕಲಿಸಿದ್ದೇ ಈ ಮೀನುಗಾರ್ತಿ. ಮಾರುತ್ತ ಮಾರುತ್ತ ಕೌಸಲ್ಯಾ ಕನ್ನಡವನ್ನೂ ಕಲಿತಿದ್ದಳು.

ಇವತ್ತು ಸಿಗಡಿಯಲ್ಲಿ ಸೀಮೆಎಣ್ಣೆಯ ವಾಸನೆ.

"ಏನೇ ಇದು?"

"ಫ್ಯಾಕ್ಟರಿ ಪೈಪು ಅಕ್ಕಾ. ಸಮುದ್ರಕ್ಕೆ ಎಣ್ಣೆ ಬಿಡ್ತಾರೆ. ಹುಣಸೆಹುಳಿ ಹಾಕಿ ಉಜ್ಜಿ ತೊಳೆದೇ ತರ್ತೀವಿ, ಆದ್ರೂ ಇವತ್ತು ವಾಸನೆ ಹೋಗ್ಲಿಲ್ಲ."

ನಾಗಮಣಿಗೆ ಮೈ ಉರಿಯಿತು. ಮಗಳಿಗೆ ತಿನ್ನಿಸಿದ್ದು ಇದನ್ನೇ!

"ನಾಳೆ ಫ್ಯಾಕ್ಟರಿ ನೀರಿನ ವಿಚಾರಣೆಗೆ ಸರ್ಕಾರಿ ಆಫೀಸರು ಬರ್ತಾರಲ್ಲ, ತೊಳೀದೇ ತೋರಿಸ್ರೇ!"

"ತೋರಿಸಿದ್ರೆ ಆಮೇಲೆ ನಮ್ಮ ಮೀನು ಯಾರು ಕೊಳ್ತಾರೆ? ಹೊಟ್ಟೆಪಾಡು ಅಕ್ಕಾ."

ಪ್ರತಿ ಸಲವೂ ಹೀಗೇ ಮುಚ್ಚಿಡುತ್ತಿದ್ದರು. ಆಫೀಸರು ಬರುವ ದಿನ ಕುಪ್ಪದ, ಅಂದರೆ ಮೀನುಗಾರರ ಕೇರಿಯ, ಹೆಂಗಸರು ಮನೆಗೆ ನೆಂಟರು ಬಂದಂತೆ ಮೀನು, ಬಲೆ, ದೋಣಿ ಎಲ್ಲವನ್ನೂ ಉಜ್ಜಿ ಥಳಥಳ ಹೊಳೆಯಿಸಿಬಿಡುತ್ತಿದ್ದರು. ಬಂದವರು ನೋಡಿ, ಎಲ್ಲ ಚೆನ್ನಾಗಿದೆ ಎಂದು ಹೋಗುತ್ತಿದ್ದರು. ಅಯ್ಯೋ, ಮರ್ಯಾದೆಯೇ ಮುಳುವಾಗಿತ್ತು ಅವರಿಗೆ.

ನಾಗಮಣಿಯ ಗಂಡ ಭೋಜರಾಜ ಅದೇ ಫ್ಯಾಕ್ಟರಿಯಲ್ಲಿ ಇಂಜಿನಿಯರು. ಊಟಕ್ಕೆ ಕೂತಾಗ, ನಾಳೆ ನಿಜ ಹೇಳಿ ಎಂದು ಅವಳು ಪಟ್ಟು ಹಿಡಿದಳು.

"ಉಂಡ ಮನೆಗೆ ಎರಡು ಬಗೆಯೋಕಾಗುತ್ತೇನೇ? ಫ್ಯಾಕ್ಟರಿ ಮುಚ್ಚಿದ್ರೆ ಎಷ್ಟು ಸಂಸಾರ ಬೀದಿಗೆ ಬೀಳುತ್ತೆ ಗೊತ್ತಾ?"

"ಮುಚ್ಚಿ ಅಂದವರ್ಯಾರು? ಕುಪ್ಪದವರು ನೀರು ಶುದ್ಧ ಮಾಡಿ ಬಿಡಿ ಅಂತಾರೆ. ತಮ್ಮ ಹೊಟ್ಟೆ ಮೇಲೆ ಹೊಡೀಬೇಡಿ ಅಂತಾರೆ, ಅಷ್ಟೆ."

ಅವನು ಅರ್ಧಕ್ಕೇ ಕೈತೊಳೆದು ಎದ್ದ.

ನಾಗಮಣಿಯ ಮಾತು ರಾತ್ರಿಯೆಲ್ಲ ಕೊರೆದಿತ್ತೋ ಏನೋ, ಮರುದಿನ ವಿಚಾರಣೆಗೆಂದು ದಂಡೆಯಲ್ಲಿ ಹಾಕಿದ ಪೆಂಡಾಲಿನಲ್ಲಿ ಕೌಸಲ್ಯಾ ಬುಟ್ಟಿಯನ್ನು ಆಫೀಸರ ಮೇಜಿನ ಮೇಲೆ ಸುರಿದಳು. ಕಪ್ಪು ಎಣ್ಣೆ ಮೆತ್ತಿದ ಸಿಗಡಿ, ಒಂದನ್ನೂ ತೊಳೆದಿರಲಿಲ್ಲ.

ಫ್ಯಾಕ್ಟರಿ ಮ್ಯಾನೇಜರ್ ಎದ್ದು ನಿಂತ. "ಇಷ್ಟು ದಿನ ಜನಕ್ಕೆ ಇದನ್ನೇ ಮಾರಿದ್ದೀಯಾ?"

ಸುತ್ತ ನಿಂತ ಗಿರಾಕಿಗಳಲ್ಲಿ ಗುಸುಗುಸು ಎದ್ದಿತು. ಕೌಸಲ್ಯಾ ತಲೆ ತಗ್ಗಿಸಲಿಲ್ಲ.

"ಹೌದು, ತೊಳೆದು ಮಾರಿದೆ. ತಪ್ಪಾಯ್ತು. ಇನ್ನು ನೀರು ಶುದ್ಧ ಆಗೋವರೆಗೂ ತೊಳೆಯೋದೂ ಇಲ್ಲ, ಮಾರೋದೂ ಇಲ್ಲ. ಉಪವಾಸ ಇರ್ತೀವಿ."

ಹಿಂದಿದ್ದ ಹೆಂಗಸರೂ ಮುಂದೆ ಬಂದು ಬುಟ್ಟಿಗಳನ್ನು ಅಲ್ಲೇ ಬೋರಲು ಹಾಕಿದರು.

ಮ್ಯಾನೇಜರ್ ಬೆವರು ಒರೆಸಿಕೊಂಡು ಪಕ್ಕದಲ್ಲಿ ಕೂತಿದ್ದ ಇಂಜಿನಿಯರಿನತ್ತ ತಿರುಗಿದ. "ಭೋಜರಾಜ್, ಇದು ನಮ್ಮ ಎಣ್ಣೆಯಲ್ಲ ಅಂತ ನೀವೇ ವಿವರಿಸಿ."

ಭೋಜರಾಜ ಎದ್ದ. ಗಿರಾಕಿಗಳ ನಡುವೆ ನಿಂತಿದ್ದ ಹೆಂಡತಿಯನ್ನು ನೋಡಿದ, ಮೇಜನ್ನು ನೋಡಿದ.

"ನಮ್ಮದೇ ಸಾರ್. ಖರ್ಚು ಉಳಿಸೋಕೆ ಶುದ್ಧೀಕರಣದ ಯಂತ್ರ ನಿಲ್ಲಿಸ್ತೀವಿ. ನಾನೇ ನಿಲ್ಲಿಸಿದ್ದೀನಿ."

ಆಫೀಸರು ಪೆನ್ನು ಎತ್ತಿಕೊಂಡರು. "ಯೋಚನೆ ಮಾಡಿ ಹೇಳ್ತಿದ್ದೀರಾ? ನಿಮ್ಮ ಕೆಲಸ ಹೋಗುತ್ತೆ."

"ಗೊತ್ತು," ಎಂದ ಭೋಜರಾಜ. "ಬರ್ಕೊಳ್ಳಿ."